ಪ್ರಾಥಮಿಕ ಶಾಲೆಯ ಪರಿಸರ ಚಟುವಟಿಕೆ: ಆಚರಣೆ ಮತ್ತು ಕಲಿಕೆ

ಪ್ರಾಥಮಿಕ ಶಾಲೆಯಲ್ಲಿ ಪರಿಸರ ಶಿಕ್ಷಣ ಬೇಕೇ ಎಂಬ ಪ್ರಶ್ನೆ ಭಾರತದ ಮಟ್ಟಿಗೆ ಎಂದೋ ಇತ್ಯರ್ಥವಾಗಿದೆ. ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರ ನವೆಂಬರ್ 22ರಂದು ನೀಡಿದ ಆದೇಶ ಅದನ್ನು ಕಡ್ಡಾಯ ಮಾಡಿತು. 2001-02ರಲ್ಲಿ ಕೇಂದ್ರ ಪರಿಸರ ಸಚಿವಾಲಯದ ರಾಷ್ಟ್ರೀಯ ಹಸಿರು ಪಡೆ ಯೋಜನೆಯಡಿ ಶಾಲೆಗಳಲ್ಲಿ ಇಕೋ ಕ್ಲಬ್‌ಗಳು ಹುಟ್ಟಿದವು. ಕರ್ನಾಟಕದಲ್ಲಿ ಅರಣ್ಯ ಇಲಾಖೆಯ ಚಿಣ್ಣರ ವನದರ್ಶನ, ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಸರ ಮಿತ್ರ ಶಾಲೆ ಪ್ರಶಸ್ತಿ ಇದಕ್ಕೆ ಸೇರಿಕೊಂಡವು. ಹೀಗಾಗಿ ಕಾರ್ಯಕ್ರಮಗಳ ಕೊರತೆ ಇಲ್ಲ. ಅವು ಯಾವಾಗ ಕಲಿಕೆಯಾಗುತ್ತವೆ, ಯಾವಾಗ ಒಂದು ದಿನದ ಆಚರಣೆಯಾಗಿ ಮುಗಿಯುತ್ತವೆ ಎಂಬುದು ಮಾತ್ರ ಇನ್ನೂ ವಿಚಾರಿಸಬೇಕಾದ ಪ್ರಶ್ನೆ.

ಹುಬ್ಬಳ್ಳಿಯ ಕೇಶ್ವಾಪುರವನ್ನು ಇಟ್ಟುಕೊಂಡು ಇದನ್ನು ನೋಡಬಹುದು. ರೈಲು ನಿಲ್ದಾಣಕ್ಕೆ ಹತ್ತಿರದ, ರೈಲ್ವೆ ವಸತಿಗೃಹ, ಅಂಗಡಿ, ಆಸ್ಪತ್ರೆ, ಶಾಲೆಗಳಿಂದ ತುಂಬಿದ ಬಡಾವಣೆ ಇದು. ಇಂಥ ಕಡೆ ಬೆಳೆಯುವ ಮಗುವಿಗೆ ಕಾಡು ದೂರ, ಹೊಲವೂ ದೂರ. ಅದು ದಿನವೂ ಕಾಣುವ ಪರಿಸರವೆಂದರೆ ನಲ್ಲಿ, ಕಸದ ಗಾಡಿ, ರಸ್ತೆಯ ಧೂಳು, ಮೈದಾನದ ಅಂಚಿನ ಒಂದು ಬೇವಿನ ಗಿಡ. ಪಾಠ ಆರಂಭವಾಗಬೇಕಾದದ್ದು ಇಲ್ಲಿಂದಲೇ. ಶಾಲೆ ತಾನು ಬಳಸುವ ನೀರಿಗೆ, ತಾನು ಹೊರಹಾಕುವ ಕಸಕ್ಕೆ, ತಾನು ನೆಟ್ಟ ಗಿಡಕ್ಕೆ ಲೆಕ್ಕ ಇಟ್ಟರೆ ಅದೇ ಪರಿಸರ ಅಧ್ಯಯನದ ಅತ್ಯುತ್ತಮ ಪಠ್ಯ.

ಹೆಚ್ಚಿನ ಶಾಲೆಗಳಲ್ಲಿ ಮೊದಲು ನಡೆಯುವ ಚಟುವಟಿಕೆ ಸಸಿ ನೆಡುವುದು. ರಾಜ್ಯದ ಶಾಲೆಗಳು ಬೇಸಿಗೆ ರಜೆ ಮುಗಿಸಿ ತೆರೆಯುವ ಹೊತ್ತಿಗೇ ಜೂನ್ 5ರ ವಿಶ್ವ ಪರಿಸರ ದಿನ ಬರುತ್ತದೆ. ಅದರ ಹಿಂದೆಯೇ, ಕೆ.ಎಂ. ಮುನ್ಷಿ 1950ರಲ್ಲಿ ಆರಂಭಿಸಿದ ವನಮಹೋತ್ಸವ. ಮುಂಗಾರು ಹಿಡಿದ ಕಾಲವಾದ್ದರಿಂದ ನೆಡಲು ಸಮಯ ಸರಿಯಾಗಿಯೇ ಇದೆ. ತೊಡಕು ಬರುವುದು ಮುಂದಿನ ಏಪ್ರಿಲ್-ಮೇ ತಿಂಗಳಲ್ಲಿ. ಬಿಸಿಲು ಅತಿ ಹೆಚ್ಚಿರುವ ಆ ದಿನಗಳಲ್ಲೇ ಶಾಲೆಗೆ ರಜೆ. ಹುಬ್ಬಳ್ಳಿಯ ಸುತ್ತಿನ ಎರೆಮಣ್ಣು ಆಗ ಬಿರುಕು ಬಿಡುತ್ತದೆ. ಎಳೆಯ ಬೇರು ಒಣಗುತ್ತದೆ. ಜೂನ್‌ನಲ್ಲಿ ಅದೇ ಗುಣಿಯಲ್ಲಿ ಹೊಸ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವ ಶಾಲೆಯಲ್ಲಿ, ನೆಟ್ಟದ್ದು ಸಾಯುವುದು ಸಹಜ ಎಂಬ ಪಾಠವನ್ನು ಮಗು ತಾನಾಗಿಯೇ ಕಲಿಯುತ್ತದೆ.

ಯಾವ ಗಿಡ ಎಂಬುದೂ ಅಷ್ಟೇ ಮುಖ್ಯ. ಈ ಭಾಗಕ್ಕೆ ಅದು ಹೊಸ ಪ್ರಶ್ನೆಯಲ್ಲ. 1987ರ ನವೆಂಬರ್ 14ರಂದು, ಆಗಿನ ಅವಿಭಜಿತ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ರೈತರು ಮತ್ತು ಸಮಾಜ ಪರಿವರ್ತನ ಸಮುದಾಯದ ಕಾರ್ಯಕರ್ತರು ಸಾಮೂಹಿಕ ಭೂಮಿಯ ನೀಲಗಿರಿ ಸಸಿಗಳನ್ನು ಕಿತ್ತು, ಜನರಿಗೆ ಬಳಕೆಯಾಗುವ ಗಿಡಗಳನ್ನು ಹಚ್ಚಿದರು. ಹಸಿರಾಗಿ ಕಂಡದ್ದೆಲ್ಲ ಒಂದೇ ಅಲ್ಲ, ಗಿಡ ಯಾರ ಉಪಯೋಗಕ್ಕೆ ಎಂದು ಕೇಳಬೇಕು ಎಂಬುದು ಆ ಸತ್ಯಾಗ್ರಹದ ಸಾರ. ಶಾಲೆಗೂ ಈ ಪ್ರಶ್ನೆ ಅನ್ವಯಿಸುತ್ತದೆ. ಎರೆಮಣ್ಣು ತಾಳಿಕೊಳ್ಳುವ ಬೇವು, ಹೊಂಗೆ, ಹುಣಸೆ ನೆರಳನ್ನೂ ಹಕ್ಕಿಗೆ ಆಸರೆಯನ್ನೂ ಕೊಡುತ್ತವೆ. ಅಲಂಕಾರದ ಕುಂಡಗಳ ಸಾಲಿನಿಂದ ಆಗುವ ಉಪಯೋಗ ಕಡಿಮೆ.

ಗಿಡದ ಪ್ರಶ್ನೆ ನೀರಿನ ಪ್ರಶ್ನೆಗೆ ತಂದು ನಿಲ್ಲಿಸುತ್ತದೆ. ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೆ ನೀರು ಬರುವುದು ಮುಖ್ಯವಾಗಿ ಸವದತ್ತಿ ಬಳಿಯ ಮಲಪ್ರಭಾ ಜಲಾಶಯದಿಂದ. ಇನ್ನೊಂದು ಆಸರೆಯಾದ ನೀರಸಾಗರ ಜಲಾಶಯ 2016-17ರ ಬರದಲ್ಲಿ ಬತ್ತಿಹೋಗಿತ್ತು. ದಿನದ 24 ತಾಸೂ ನೀರು ಕೊಡುವ ಪ್ರಯೋಗ 2008ರಲ್ಲಿ ಕೆಲವು ಬಡಾವಣೆಗಳಲ್ಲಿ ಆರಂಭವಾದರೂ, ನಗರದ ಬಹುಭಾಗ ಅದಾದ ಮೇಲೂ ವರ್ಷಗಟ್ಟಲೆ ದಿನ ಎಣಿಸಿ ನೀರು ತುಂಬಿಕೊಂಡಿದೆ. ಇಂಥ ಊರಿನ ಮಕ್ಕಳಿಗೆ ‘ನೀರು ಉಳಿಸಿ’ ಎಂಬ ಘೋಷಣೆ ಹೊಸತೇನನ್ನೂ ಹೇಳುವುದಿಲ್ಲ. ಲೆಕ್ಕ ಹೇಳುತ್ತದೆ. ಹುಬ್ಬಳ್ಳಿಯಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯಾಗುತ್ತದೆ ಎಂದುಕೊಂಡರೆ, 100 ಚದರ ಮೀಟರ್ ತಾರಸಿಯ ಮೇಲೆ ಬೀಳುವ ನೀರು 70,000 ಲೀಟರ್. ಸೋರಿಕೆ, ಆವಿ ಎಂದು ಐದರಲ್ಲೊಂದು ಪಾಲು ಬಿಟ್ಟರೂ 56,000 ಲೀಟರ್ ಸಿಗುತ್ತದೆ. ಬೇಸಿಗೆಯ ಎಂಟು ವಾರಗಳಲ್ಲಿ ವಾರಕ್ಕೆರಡು ಸಲ ಹತ್ತತ್ತು ಲೀಟರಿನಂತೆ ಒಂದು ಸಸಿಗೆ ಬೇಕಾಗುವುದು 160 ಲೀಟರ್. 25 ಸಸಿಗೆ 4,000 ಲೀಟರ್. ಮಳೆಗಾಲದಲ್ಲೇ ತುಂಬಿ ಮುಚ್ಚಿಟ್ಟ 5,000 ಲೀಟರಿನ ಒಂದು ಟ್ಯಾಂಕ್ ಇದಕ್ಕೆ ಸಾಕು. ಐದನೆಯ ತರಗತಿಯ ಗುಣಾಕಾರ ಇಲ್ಲಿ ಒಂದು ತೀರ್ಮಾನಕ್ಕೆ ದಾರಿ ಮಾಡುತ್ತದೆ. ರಜೆಯಲ್ಲಿ ನೀರುಣಿಸುವ ಸರದಿಯನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಪಾಲಕರು ಹಂಚಿಕೊಂಡರೆ ಯೋಜನೆ ಪೂರ್ಣವಾಗುತ್ತದೆ.

ಕಸದ ವಿಷಯದಲ್ಲಿ ಶಾಲೆಗೆ ಇನ್ನೂ ಹೆಚ್ಚಿನ ಅವಕಾಶವಿದೆ. ಘನತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಕಸ ಹುಟ್ಟುವ ಜಾಗದಲ್ಲೇ ಅದನ್ನು ಬೇರ್ಪಡಿಸಬೇಕು. ಶಾಲೆಯ ಕಸ ಬೇರ್ಪಡಿಸಲು ಸುಲಭ: ಬಿಸಿಯೂಟದ ಉಳಿಕೆ, ಬಾಳೆಹಣ್ಣಿನ ಸಿಪ್ಪೆ, ಮೊಟ್ಟೆಯ ಸಿಪ್ಪೆ, ಉದುರಿದ ಎಲೆ, ಹಾಳೆ, ತಿಂಡಿಯ ಪೊಟ್ಟಣ. ಮೊದಲ ನಾಲ್ಕೂ ಗೊಬ್ಬರವಾಗುತ್ತವೆ; ಹಾಳೆ ರದ್ದಿಗೆ ಹೋಗುತ್ತದೆ. ಉಳಿಯುವುದು ಪೊಟ್ಟಣ. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿದರೂ ಚಿಪ್ಸ್, ಚಾಕಲೇಟ್‌ಗಳ ಹೊದಿಕೆ ಆ ಪಟ್ಟಿಯ ಹೊರಗೇ ಉಳಿದಿದೆ. ಪ್ಲಾಸ್ಟಿಕ್ ಮತ್ತು ಲೋಹದ ಪದರಗಳು ಅಂಟಿಕೊಂಡಿರುವ ಇಂಥ ಹೊದಿಕೆಯನ್ನು ಮರುಬಳಕೆಗೆ ತರುವುದು ಕಷ್ಟ. ಅದರ ಕೊನೆಯ ತಾಣ ಹುಬ್ಬಳ್ಳಿಯ ಕಾರವಾರ ರಸ್ತೆಯ ಕಸದ ಗುಡ್ಡೆಯಂಥ ಜಾಗ. ಒಂದು ವಾರದ ಪೊಟ್ಟಣಗಳನ್ನು ಮಕ್ಕಳೇ ಎಣಿಸಿ ಫಲಕದ ಮೇಲೆ ಬರೆದರೆ, ಹುಟ್ಟುಹಬ್ಬಕ್ಕೆ ಚಾಕಲೇಟ್ ಬದಲು ಚುರುಮರಿ ಹಂಚಬಹುದೇ ಎಂಬ ಚರ್ಚೆಗೆ ಆಧಾರ ಸಿಗುತ್ತದೆ. ಎಲೆ ಗುಡಿಸಿ ಬೆಂಕಿ ಹಚ್ಚುವ ರೂಢಿ ನಿಲ್ಲುವುದೂ ಇಲ್ಲಿ ಮುಖ್ಯ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಡಿ ಗಾಳಿ ಕೆಟ್ಟಿರುವ ಊರುಗಳೆಂದು ಗುರುತಿಸಲಾದ ರಾಜ್ಯದ ನಾಲ್ಕು ನಗರಗಳಲ್ಲಿ ಹುಬ್ಬಳ್ಳಿ-ಧಾರವಾಡವೂ ಒಂದು.

ಈ ವಾದಕ್ಕೆ ಎರಡು ಬಲವಾದ ಆಕ್ಷೇಪಗಳಿವೆ. ಓದು, ಬರಹ, ಲೆಕ್ಕಕ್ಕೇ ಸಮಯ ಸಾಲದಿರುವಾಗ ಇದು ಹೆಚ್ಚಿನ ಹೊರೆ ಎಂಬುದು ಮೊದಲನೆಯದು. ಚಟುವಟಿಕೆ ಪಾಠದ ಹೊರಗಿದ್ದರೆ ಈ ಮಾತು ನಿಜ. ಆದರೆ ಮಳೆ ಅಳೆಯುವುದು ಗಣಿತ, ಗಿಡದ ದಿನಚರಿ ಬರೆಯುವುದು ಕನ್ನಡ, ಗೊಬ್ಬರದ ಗುಂಡಿ ವಿಜ್ಞಾನ. ಪಾಠದ ಒಳಗೆ ಬಂದರೆ ಅದಕ್ಕೆ ಬೇರೆ ಅವಧಿ ಬೇಕಿಲ್ಲ.

ಎರಡನೆಯದು ಹೆಚ್ಚು ಗಂಭೀರ. ಸ್ವಚ್ಛತೆಯ ಹೆಸರಿನಲ್ಲಿ ಮಕ್ಕಳು, ಅದರಲ್ಲೂ ಬಡ ಮತ್ತು ದಲಿತ ಮಕ್ಕಳು, ಕೂಲಿಯಿಲ್ಲದ ಆಳುಗಳಾಗುವ ಅಪಾಯ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಪ್ರಕರಣ ರಾಜ್ಯವನ್ನೇ ತಲೆತಗ್ಗಿಸುವಂತೆ ಮಾಡಿತು. ಆದ್ದರಿಂದ ಗೆರೆ ಸ್ಪಷ್ಟವಾಗಿರಬೇಕು. ಅಳೆಯುವುದು, ಎಣಿಸುವುದು, ತನ್ನ ಕಸವನ್ನು ಸರಿಯಾದ ಬುಟ್ಟಿಗೆ ಹಾಕುವುದು, ಸಸಿಗೆ ನೀರುಣಿಸುವುದು ಮಗುವಿನ ಕೆಲಸ. ಶೌಚಾಲಯ, ಚರಂಡಿ ಎಂದೂ ಅಲ್ಲ. ಸರದಿಯಲ್ಲಿ ಜಾತಿ, ಲಿಂಗದ ಭೇದವಿಲ್ಲದೆ ಎಲ್ಲರ ಹೆಸರೂ, ಶಿಕ್ಷಕರ ಹೆಸರೂ ಇರಬೇಕು. ಬೇರ್ಪಡಿಸಿದ ಕಸವನ್ನು ಗಾಡಿ ಮತ್ತೆ ಒಟ್ಟಿಗೆ ಸುರಿದುಕೊಂಡು ಹೋದರೆ ಮಕ್ಕಳ ಶ್ರಮ ವ್ಯರ್ಥ. ಅದನ್ನು ಸರಿಪಡಿಸುವುದು ಪಾಲಿಕೆಯ ಹೊಣೆ. ಹಿರಿಯರು ಮಾಡಬೇಕಾದ ಕೆಲಸದ ಭಾರವನ್ನು ಮಕ್ಕಳ ಹೆಗಲಿಗೆ ಹಾಕುವುದು ಶಿಕ್ಷಣವಲ್ಲ.

ಶಾಲೆಯ ಪರಿಸರ ಕಾರ್ಯವನ್ನು ತೂಗುವ ಅಳತೆಯೂ ಇದಕ್ಕೆ ತಕ್ಕಂತೆ ಬದಲಾಗಬೇಕು. ನೆಟ್ಟ ಸಸಿಗಳ ಸಂಖ್ಯೆ, ನಡೆದ ಜಾಥಾ, ಭಿತ್ತಿಚಿತ್ರಗಳು ವರದಿಗೆ ಸುಲಭವಾದರೂ ಹೇಳುವುದು ಕಡಿಮೆ. ಎರಡು ಬೇಸಿಗೆ ದಾಟಿ ಬದುಕಿದ ಗಿಡಗಳೆಷ್ಟು, ಹೊರಹೋಗುವ ಕಸ ಎಷ್ಟು ಇಳಿಯಿತು, ಮಳೆನೀರು ಎಷ್ಟು ನಿಂತಿತು ಎಂಬ ಮೂರು ಲೆಕ್ಕಗಳನ್ನು ಪ್ರತಿ ಶಾಲೆ ವರ್ಷಕ್ಕೊಮ್ಮೆ ಪಾಲಕರ ಸಭೆಯ ಮುಂದೆ ಇಡಬೇಕು. ಈ ಲೆಕ್ಕ ಕೊಡಲಾಗದ ಶಾಲೆಗೆ ಹಸಿರು ಪ್ರಶಸ್ತಿ ಸಲ್ಲದು.