ಸದ್ದಾಂನ ಕೆರೆಯಲ್ಲಿ ಗಾಳ

ಬಾಗ್ದಾದ್ ಏರ್‌ಪೋರ್ಟ್ ಹತ್ತಿರ ಸದ್ದಾಂ ಹುಸೇನ್ ಕಟ್ಟಿಸಿದ ಒಂದು ಅರಮನೆ ಇದೆ, ಹೆಸರು ಅಲ್-ಫಾ. 1988ರಲ್ಲಿ ಇರಾನ್ ಕೈಯಿಂದ ಅಲ್-ಫಾ ಅನ್ನೋ ಪ್ರದೇಶವನ್ನ ವಾಪಸ್ ಗೆದ್ದ ನೆನಪಿಗೆ ಆ ಹೆಸರು. ಅರಮನೆ ಸುತ್ತ ಮನುಷ್ಯರೇ ತೋಡಿದ ಕೆರೆಗಳು. 2003ರಲ್ಲಿ ಅಮೆರಿಕದ ಸೈನ್ಯ ಇರಾಕ್‌ಗೆ ನುಗ್ಗಿದ ಮೇಲೆ ಈ ಜಾಗ ಅವರ ಮುಖ್ಯ ನೆಲೆ ಆಯ್ತು. ಅದಕ್ಕೆ ಕ್ಯಾಂಪ್ ವಿಕ್ಟರಿ ಅಂತ ಹೆಸರಿಟ್ರು.

ಅಲ್ಲಿ ಡ್ಯೂಟಿ ಮುಗಿಸಿದ ಸೈನಿಕರು ಕೆರೆ ದಂಡೆ ಮೇಲೆ ನಿಂತು ಫ್ಲೈ ಫಿಶಿಂಗ್ ಕಲೀತಿದ್ರು. ನೌಕಾಪಡೆಯ ಅಧಿಕಾರಿಯೊಬ್ಬರು ಅದಕ್ಕೆ ಒಂದು ಕ್ಲಬ್ ಶುರು ಮಾಡಿ, ‘ಬಾಗ್ದಾದ್ ಸ್ಕೂಲ್ ಆಫ್ ಫ್ಲೈ ಫಿಶಿಂಗ್’ ಅಂತ ಕರೆದ್ರು. ರಾಡು, ರೀಲು ಅಮೆರಿಕದಿಂದ ದಾನವಾಗಿ ಬರ್ತಿದ್ವು. ಕೆರೆಯಲ್ಲಿ ಕಾರ್ಪ್ ಮೀನುಗಳಿದ್ವು. ಇನ್ನೊಂದು, ಬೇರೆ ಮೀನನ್ನ ಬೇಟೆಯಾಡಿ ತಿನ್ನೋ ಟೈಗ್ರಿಸ್ ಕಡೆಯ ಜಾತಿ. ಅದಕ್ಕೆ ಸೈನಿಕರು ಇಟ್ಟ ಅಡ್ಡಹೆಸರು ‘ಸದ್ದಾಂ ಬಾಸ್’.

ಇದನ್ನ ಹಾಸ್ಟೆಲ್‌ನಲ್ಲಿ ಹೇಳಿದ್ರೆ ಎರಡು ಥರ ಉತ್ತರ ಬರುತ್ತೆ. ಒಂದು, “ಊರು ಹೊತ್ತಿ ಉರಿಯೋವಾಗ ಇವರಿಗೆ ಮೀನಿನ ಶೋಕಿನಾ?” ಇನ್ನೊಂದು, “ಅಯ್ಯೋ, ಎಷ್ಟು ಚೆನ್ನಾಗಿದೆ! ಪ್ರಕೃತಿ ಎಲ್ಲಾ ಗಾಯ ವಾಸಿ ಮಾಡುತ್ತೆ.” ಈ ಎರಡನೇ ಮಾತಿಗೆ ಪಿಯಾನೋ ಮ್ಯೂಸಿಕ್ ಹಾಕಿದ್ರೆ ಒಂದು ರೀಲ್ ರೆಡಿ. ನನಗೆ ಎರಡೂ ಒಪ್ಪಿಗೆ ಇಲ್ಲ. ಆ ಗಾಳ ಸೈನಿಕರಿಗೆ ಕೊಟ್ಟಿದ್ದು ಒಂದು ಬಿಡುವು. ಬಿಡುವಿಗೆ ನಿಜವಾದ ಬೆಲೆ ಇದೆ. ಆದ್ರೆ ಅದನ್ನೇ ಚಿಕಿತ್ಸೆ ಅಂತ ಕರೆದ ತಕ್ಷಣ, ಚಿಕಿತ್ಸೆ ಕೊಡಬೇಕಾದವರು ಮೆಲ್ಲಗೆ ಜಾರಿಕೊಳ್ತಾರೆ.

ಮೊದಲು ಬಿಡುವಿನ ಪರವಾಗಿ ಮಾತಾಡ್ತೀನಿ.

ಮಾಮೂಲಿ ಗಾಳದಲ್ಲಿ ದಾರದ ತುದಿಗೆ ಒಂದು ಭಾರ ಇರುತ್ತೆ. ಎಸೆದ್ರೆ ಆ ಭಾರ ದಾರವನ್ನ ಎಳ್ಕೊಂಡು ಹೋಗುತ್ತೆ. ಫ್ಲೈ ಫಿಶಿಂಗ್‌ನಲ್ಲಿ ಇದು ಉಲ್ಟಾ. ತುದಿಯಲ್ಲಿರೋದು ಗರಿ, ಕೂದಲು ಸುತ್ತಿ ಹುಳದ ಥರ ಮಾಡಿದ ಒಂದು ಸಣ್ಣ ಕೊಕ್ಕೆ. ಅದಕ್ಕೆ ತೂಕವೇ ಇಲ್ಲ ಅನ್ನಬಹುದು. ತೂಕ ಇರೋದು ದಾರದಲ್ಲಿ. ರಾಡನ್ನ ಹಿಂದಕ್ಕೆ ಬೀಸಿದಾಗ ದಾರ ನಿಮ್ಮ ಬೆನ್ನ ಹಿಂದೆ ಗಾಳಿಯಲ್ಲಿ ಸುರುಳಿ ಬಿಚ್ಚಿಕೊಳ್ಳುತ್ತೆ. ಅದು ಪೂರ್ತಿ ನೇರ ಆಗೋವರೆಗೂ ಕಾಯಬೇಕು. ಆಮೇಲೆ ಮುಂದಕ್ಕೆ ಬೀಸಬೇಕು. ಸ್ಟ್ರೆಂಥ್ ಆಫ್ ಮೆಟೀರಿಯಲ್ಸ್ ಓದಿದವರಿಗೆ ಬೇಗ ಅರ್ಥ ಆಗುತ್ತೆ. ರಾಡು ಅಂದ್ರೆ ತುದಿಗೆ ಹೋಗ್ತಾ ಸಣ್ಣ ಆಗೋ ಒಂದು ಕ್ಯಾಂಟಿಲಿವರ್ ಬೀಮ್, ಫಿಕ್ಸ್ಡ್ ಎಂಡ್ ನಿಮ್ಮ ಕೈ. ಬಗ್ಗಿದಾಗ ಅದರಲ್ಲಿ ಸ್ಟ್ರೈನ್ ಎನರ್ಜಿ ಕೂಡಿಕೊಳ್ಳುತ್ತೆ, ನಿಲ್ಲಿಸಿದಾಗ ಅದು ದಾರಕ್ಕೆ ಹೋಗುತ್ತೆ.

ಅವಸರ ಮಾಡಿದ್ರೆ ದಾರ ಚಾಟಿ ಥರ ಚಟ್ ಅನ್ನುತ್ತೆ, ಕೊಕ್ಕೆ ಕಿತ್ಕೊಂಡು ಹೋಗುತ್ತೆ. ತಡ ಮಾಡಿದ್ರೆ ದಾರ ಹಿಂದೆ ನೆಲಕ್ಕೆ ಬೀಳುತ್ತೆ. ಜೋರಾಗಿ ಬೀಸಿದ್ರೆ ದೂರ ಹೋಗಲ್ಲ, ಸರಿಯಾದ ಹೊತ್ತಿಗೆ ಬೀಸಿದ್ರೆ ಮಾತ್ರ ಹೋಗುತ್ತೆ. ಅಂದ್ರೆ ಕೈ, ಕಣ್ಣು, ಕಿವಿ ಎಲ್ಲಾ ಆ ದಾರದಲ್ಲೇ ಇರಬೇಕು. ನೆನ್ನೆ ರೋಡಲ್ಲಿ ಸಿಡಿದ ಬಾಂಬು, ನಾಳೆ ಹೋಗಬೇಕಾದ ಗಸ್ತು, ಇವಕ್ಕೆ ತಲೆಯಲ್ಲಿ ಜಾಗ ಇರಲ್ಲ. ಇಷ್ಟೆಲ್ಲಾ ಮಾಡಿ ಮೀನು ಸಿಗದಿದ್ರೂ ಯಾರೂ ರಿಪೋರ್ಟ್ ಕೇಳಲ್ಲ. ಪ್ರತಿ ತಪ್ಪಿಗೂ ಪ್ರಾಣದ ಲೆಕ್ಕ ಇರೋ ಜಾಗದಲ್ಲಿ, ತಪ್ಪಿದ್ರೂ ಏನೂ ಆಗದ ಒಂದೇ ಒಂದು ಕೆಲಸ ಇದು. ಅದಕ್ಕೇ ಸಮಾಧಾನ ಸಿಕ್ತು ಅನ್ಸುತ್ತೆ. ಕ್ಯಾಂಪ್ ವಿಕ್ಟರಿ ಮೇಲೂ ರಾಕೆಟ್, ಮಾರ್ಟರ್ ಬೀಳ್ತಿದ್ವು. 2007ರ ಏಪ್ರಿಲ್‌ನಲ್ಲಿ ಅಮೆರಿಕ ತನ್ನ ಭೂಸೇನೆಯವರ ಸರದಿಯನ್ನ 12 ತಿಂಗಳಿಂದ 15 ತಿಂಗಳಿಗೆ ಏರಿಸಿತು. ಅಂಥಾ 15 ತಿಂಗಳಲ್ಲಿ ವಾರಕ್ಕೆ ಒಂದು ಗಂಟೆ ಕೆರೆ ದಂಡೆ ಬೇಕು ಅಂದವನನ್ನ ನಾನಂತೂ ಆಡ್ಕೊಳ್ಳಲ್ಲ.

ಈಗ ರೀಲ್ ಮಾಡೋರ ಕಡೆ ಬರ್ತೀನಿ. ಬಿಡುವು ಅಷ್ಟೊಂದು ವಾಸಿ ಮಾಡೋದಾಗಿದ್ರೆ ಅಮೆರಿಕದ ಲೆಕ್ಕ ಬೇರೆ ಥರ ಇರ್ತಿತ್ತು. ಅಲ್ಲಿನ ಸರ್ಕಾರದ್ದೇ ವರದಿ ಪ್ರಕಾರ 2008ರಿಂದ 2017ರವರೆಗೆ ಪ್ರತಿ ವರ್ಷ 6,000ಕ್ಕಿಂತ ಹೆಚ್ಚು ಮಾಜಿ ಸೈನಿಕರು ಆತ್ಮಹತ್ಯೆ ಮಾಡ್ಕೊಂಡಿದ್ದಾರೆ. ಇವರೆಲ್ಲಾ ಇರಾಕ್‌ಗೆ ಹೋದವರಲ್ಲ, ಹಳೇ ಯುದ್ಧದವರೂ ಯುದ್ಧವನ್ನೇ ನೋಡದವರೂ ಇದರಲ್ಲಿದ್ದಾರೆ. ಆದ್ರೂ ಸೈನ್ಯದಿಂದ ಹೊರಗೆ ಬಂದವರಿಗೆ ಸಿಗಬೇಕಾದ ಆರೈಕೆ ಸಾಕಾಗ್ತಿಲ್ಲ ಅನ್ನೋದು ಈ ನಂಬರ್‌ನಿಂದ ಗೊತ್ತಾಗುತ್ತೆ. ಗಾಳ ಇದಕ್ಕೆ ಉತ್ತರ ಅಲ್ಲ.

ಹಾಗಂತ ಗಾಳಕ್ಕೆ ಜಾಗವೇ ಇಲ್ವಾ? ಇದೆ. 2005ರಲ್ಲಿ ವಾಷಿಂಗ್ಟನ್‌ನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಎಡ್ ನಿಕಲ್ಸನ್ ಅನ್ನೋ ನಿವೃತ್ತ ನೌಕಾಪಡೆ ಕ್ಯಾಪ್ಟನ್ ‘ಪ್ರಾಜೆಕ್ಟ್ ಹೀಲಿಂಗ್ ವಾಟರ್ಸ್’ ಶುರು ಮಾಡಿದ್ರು. ಯುದ್ಧದಲ್ಲಿ ಗಾಯಗೊಂಡವರಿಗೆ ದುಡ್ಡು ತಗೊಳ್ಳದೆ ಫ್ಲೈ ಕಟ್ಟೋದು, ದಾರ ಬೀಸೋದು ಕಲಿಸ್ತಾರೆ. ಇದರಲ್ಲಿ ನನಗೆ ಇಷ್ಟ ಆದ ವಿಷಯ ಅದು ಶುರುವಾದ ಜಾಗ. ಡಾಕ್ಟರ್, ನರ್ಸ್, ಆಪರೇಷನ್ ಎಲ್ಲಾ ಇರೋ ಆಸ್ಪತ್ರೆ ಅದು. ಗಾಳ ಬಂದಿದ್ದು ಅವುಗಳ ಪಕ್ಕಕ್ಕೆ. ಯಾವುದೋ ಡಾಕ್ಟರ್ ಪೋಸ್ಟ್ ಖಾಲಿ ಇದೆ ಅಂತ ಅಲ್ಲಿ ಗಾಳ ತಂದು ಕೂರಿಸಲಿಲ್ಲ.

ಇನ್ನೊಂದು ಮಾತು, ರೀಲ್‌ನಲ್ಲಿ ಬರದೇ ಇರೋದು. ಆ ಕೆರೆ ಇರೋದು ಇರಾಕ್‌ನಲ್ಲಿ. ಬಾಗ್ದಾದ್‌ನವರಿಗೂ ಮೀನು ಅಂದ್ರೆ ಪ್ರಾಣ. ಅವರ ‘ಮಸ್ಗೂಫ್’ ಅಂದ್ರೆ ಕಾರ್ಪ್ ಮೀನನ್ನ ಬೆನ್ನಿನಿಂದ ಸೀಳಿ, ಬಿಚ್ಚಿ, ಸೌದೆ ಬೆಂಕಿ ಪಕ್ಕ ನಿಲ್ಲಿಸಿ ಸುಡೋ ಅಡುಗೆ. ಟೈಗ್ರಿಸ್ ದಂಡೆಯ ಅಬು ನುವಾಸ್ ರಸ್ತೆ ಅದಕ್ಕೇ ಫೇಮಸ್. ಕೊಲೆಗಳು ಹೆಚ್ಚಾದ 2006–07ರ ಸುಮಾರಿಗೆ ಅದೇ ನದಿಯಲ್ಲಿ ಹೆಣಗಳು ತೇಲಿ ಬರ್ತಿದ್ವು, ನದಿ ಮೀನು ತಿನ್ನೋಕೆ ಜನ ಹೆದರ್ತಿದ್ರು. ಸಾಮಾನ್ಯ ಇರಾಕಿಗೆ ಅರಮನೆಯ ಕೆರೆ ಸದ್ದಾಂ ಕಾಲದಲ್ಲೂ ಸಿಗಲಿಲ್ಲ, ಕ್ಯಾಂಪ್ ವಿಕ್ಟರಿ ಕಾಲದಲ್ಲೂ ಸಿಗಲಿಲ್ಲ. 2011ರ ಡಿಸೆಂಬರ್‌ನಲ್ಲಿ ಅಮೆರಿಕ ಆ ಜಾಗ ಬಿಟ್ಟುಕೊಡ್ತು. 2021ರಿಂದ ಅಲ್ಲೊಂದು ಯೂನಿವರ್ಸಿಟಿ ನಡೀತಿದೆ, ನಮ್ಮ ವಯಸ್ಸಿನವರು ಓದ್ತಿದ್ದಾರೆ. ಗಾಳ ಹಾಕಿದ ಸೈನಿಕನಿಗೆ ಸಮಾಧಾನ ಸಿಕ್ಕಿದ್ದು ಸುಳ್ಳಲ್ಲ. ಆದ್ರೆ ಆ ಒಂದು ಫೋಟೋ ನೋಡಿ ಆ ಯುದ್ಧ ಮೃದುವಾಗಿತ್ತು ಅಂದ್ಕೊಂಡ್ರೆ ಗೋಡೆಯ ಹೊರಗಿದ್ದವರಿಗೆ ಅನ್ಯಾಯ.

ಇದನ್ನೆಲ್ಲಾ ನಮ್ಮ ಮ್ಯಾಗಜಿನ್‌ನಲ್ಲಿ ಯಾಕೆ ಬರೀತಿದ್ದೀನಿ? ಇಂಟರ್ನಲ್ಸ್‌ನ ಯುದ್ಧಕ್ಕೆ ಹೋಲಿಸೋಕಲ್ಲ, ಅದು ಅಸಹ್ಯ ಆಗುತ್ತೆ. ಆದ್ರೆ ಬಿಡುವನ್ನೂ ಚಿಕಿತ್ಸೆಯನ್ನೂ ಕಲಸುಮೇಲೋಗರ ಮಾಡೋ ಚಾಳಿ ಇಲ್ಲೂ ಇದೆ. ಬೇರೆ ಬೇರೆ ಕಾಲೇಜಲ್ಲಿ ಓದೋ ಫ್ರೆಂಡ್ಸ್ ಹೇಳೋ ಕಥೆ ಒಂದೇ. ಯಾರೋ ಒಬ್ಬ ಹುಡುಗ ಕುಸಿದು ಹೋದ ಸುದ್ದಿ ಹಬ್ಬುತ್ತೆ. ಮುಂದಿನ ವಾರ ಸೆಮಿನಾರ್ ಹಾಲ್‌ನಲ್ಲಿ ‘ಸ್ಟ್ರೆಸ್ ಬಸ್ಟರ್’ ಸೆಷನ್. ಬಲೂನ್, ಜುಂಬಾ, ಗ್ರೂಪ್ ಫೋಟೋ. ಬಾಗಿಲಲ್ಲಿ ಅಟೆಂಡೆನ್ಸ್ ಕೂಡ ತಗೊಳ್ತಾರೆ! ಕೌನ್ಸೆಲರ್ ಮಾತ್ರ ಮೊದಲೂ ಇರಲಿಲ್ಲ, ಆಮೇಲೂ ಬರಲಿಲ್ಲ.

ಇನ್ನೊಂದು ಕಡೆ ನಾವೇ ನಮ್ಮ ಬಿಡುವನ್ನ ಹಾಳು ಮಾಡ್ಕೊಳ್ತೀವಿ. ಗಿಟಾರ್ ಹಿಡಿದ್ರೆ ಚಾನೆಲ್ ಆಗಬೇಕು, ಟ್ರೆಕ್ ಹೋದ್ರೆ ಆಕ್ಟಿವಿಟಿ ಪಾಯಿಂಟ್ ಸಿಗುತ್ತಾ ಅಂತ ಕೇಳಬೇಕು, ಬ್ಲಡ್ ಕೊಟ್ರೂ ಲಿಂಕ್ಡ್‌ಇನ್‌ಗೆ ಹಾಕಬೇಕು. ಲೆಕ್ಕಕ್ಕೆ ಸಿಕ್ಕ ಗಂಟೆ ಇನ್ನೊಂದು ಸಬ್ಜೆಕ್ಟ್ ಆಗುತ್ತೆ ಅಷ್ಟೇ. ಬಾಗ್ದಾದ್‌ನ ಆ ಒಂದು ಗಂಟೆ ಕೆಲಸ ಮಾಡಿದ್ದೇ ಅದು ಯಾವ ಲೆಕ್ಕಕ್ಕೂ ಸೇರದಿದ್ದಕ್ಕೆ.

ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿ ಕೇಳೋಣ. ಬಿಡುವನ್ನ ನಮಗೆ ನಾವೇ ಕೊಟ್ಕೊಬೇಕು. ವಾರಕ್ಕೆ ಒಂದು ಗಂಟೆ, ಯಾವ ಉಪಯೋಗಕ್ಕೂ ಬಾರದ, ಆದ್ರೆ ಕೈಗೂ ಕಣ್ಣಿಗೂ ಪೂರ್ತಿ ಕೆಲಸ ಕೊಡೋ ಏನಾದ್ರೂ ಇರಲಿ. ಕೇರಂ ಆದ್ರೂ ಸರಿ, ಹಳೇ ಸೈಕಲ್ ಬಿಚ್ಚಿ ಜೋಡಿಸೋದಾದ್ರೂ ಸರಿ. ಚಿಕಿತ್ಸೆಯನ್ನ ಮಾತ್ರ ಕೊಡಬೇಕಾದವರ ಹತ್ರ ಕೇಳಬೇಕು: ಕ್ಯಾಂಪಸ್‌ನಲ್ಲಿ ತರಬೇತಿ ಇರೋ ಕೌನ್ಸೆಲರ್, ಹೋದವರ ಹೆಸರು ಹೊರಗೆ ಬಾರದಂಥ ವ್ಯವಸ್ಥೆ. ಅಲ್ಲೀವರೆಗೆ ಒಂದು ನಂಬರ್ ಸೇವ್ ಮಾಡಿಟ್ಕೊಳ್ಳಿ, 14416. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ‘ಟೆಲಿ ಮಾನಸ್’ ಸಹಾಯವಾಣಿ ಅದು. ಫ್ರೀ, ಕನ್ನಡದಲ್ಲೇ ಮಾತಾಡಬಹುದು, ಅದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ರೂಮ್‌ಮೇಟ್ ಮೂರು ದಿನದಿಂದ ಊಟಕ್ಕೆ ಎದ್ದು ಬರ್ತಿಲ್ಲ ಅಂದ್ರೆ “ಮಚ್ಚಾ, ಕ್ರಿಕೆಟ್ ಆಡೋಣ ಬಾ” ಅಂತ ಕರೀರಿ, ತಪ್ಪೇನಿಲ್ಲ. ಆದ್ರೆ ಅಷ್ಟಕ್ಕೇ ನಿಲ್ಲಿಸಬೇಡಿ. ಆ ನಂಬರ್‌ಗೆ ಫೋನ್ ಹಚ್ಚಿ, ಅವನ ಪಕ್ಕದಲ್ಲೇ ಕೂತಿರಿ.