ಆ ಹೆಣ್ಣುಮಕ್ಕಳ ಮುಖ ಯಾಕೆ ಬೇಕಿತ್ತು?

2024ರ ಏಪ್ರಿಲ್. ಲೋಕಸಭಾ ಚುನಾವಣೆಗೆ ಕೆಲವೇ ದಿನ ಇರುವಾಗ ಹಾಸನದ ಸಾರ್ವಜನಿಕ ಜಾಗಗಳಲ್ಲಿ ಪೆನ್‌ಡ್ರೈವ್‌ಗಳು ಬಿದ್ದಿದ್ದವು. ಒಳಗಿದ್ದ ಲೈಂಗಿಕ ದೌರ್ಜನ್ಯದ ವಿಡಿಯೊಗಳಲ್ಲಿ ಹೆಂಗಸರ ಮುಖಕ್ಕೆ ಮರೆ ಇರಲಿಲ್ಲ. ಸಂಸದನೊಬ್ಬನ ಬಣ್ಣ ಬಯಲಾಗಬೇಕಿತ್ತು, ಸರಿ. ಅದಕ್ಕೆ ಆ ಹೆಣ್ಣುಮಕ್ಕಳ ಮುಖ ಯಾಕೆ ಬೇಕಿತ್ತು? ಪೊಲೀಸರಿಗೋ ಮಹಿಳಾ ಆಯೋಗಕ್ಕೋ ಒಪ್ಪಿಸಬೇಕಾಗಿದ್ದ ಸಾಕ್ಷ್ಯವನ್ನು ಚುನಾವಣೆಯ ಕರಪತ್ರದ ಹಾಗೆ ಬೀದಿಗೆ ಚೆಲ್ಲಿದರು.

ಚೆಲ್ಲಿದವರ ಮೇಲಷ್ಟೇ ಗೂಬೆ ಕೂರಿಸಿ ನಾವು ಪಾರಾಗುವಂತಿಲ್ಲ. ಬೆಂಗಳೂರಿನ ವಿಜಯನಗರ, ಬಸವೇಶ್ವರನಗರದಲ್ಲಿ ಹಾಸನ, ಮಂಡ್ಯದ ಕಡೆಯಿಂದ ಬಂದು ನೆಲೆ ನಿಂತ ಮನೆಗಳು ಎಷ್ಟೋ ಇವೆ. ಆ ಮುಖಗಳ ಗುರುತು ಹಿಡಿಯಬಲ್ಲವರು ಇಲ್ಲೂ ಇದ್ದರು. ‘ನಿಂಗೆ ಬಂತಾ? ನಂಗೂ ಕಳ್ಸು ಮಗಾ’ ಎನ್ನುವ ಮಾತು ಟೀ ಅಂಗಡಿಗಳ ಮುಂದೆ, ಕೆಂಗೇರಿ ಕಡೆಯ ಮೆಟ್ರೊದಲ್ಲಿ ಸಲೀಸಾಗಿ ಓಡಾಡಿತು. ಓದಿದವರು, ಮನೆಯಲ್ಲಿ ಹೆಣ್ಣುಮಕ್ಕಳಿದ್ದವರು ಫಾರ್ವರ್ಡ್ ಮಾಡಿದರು. ಹಂಚುವುದೂ ಅಪರಾಧ ಎಂದು ವಿಶೇಷ ತನಿಖಾ ತಂಡ ಎಚ್ಚರಿಸಬೇಕಾಯಿತು. ಅಷ್ಟರಲ್ಲಿ ಹೆಂಗಸರು ಮನೆಗೆ ಬೀಗ ಹಾಕಿ ಊರು ಬಿಟ್ಟಿದ್ದರು. ಇನ್ನೂ ಫೋನಿನಲ್ಲಿ ಅದನ್ನು ಇಟ್ಟುಕೊಂಡವರಿದ್ದರೆ ಇವತ್ತೇ ಅಳಿಸಿ.

2025ರ ಆಗಸ್ಟ್ 2ರಂದು ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಒಂದು ಅತ್ಯಾಚಾರ ಪ್ರಕರಣದಲ್ಲಿ ಆ ಸಂಸದನಾಗಿದ್ದ ಪ್ರಜ್ವಲ್ ರೇವಣ್ಣನಿಗೆ ಬದುಕಿರುವವರೆಗೂ ಜೈಲು ಎಂದಿತು. ಅದರ ವಿರುದ್ಧ ಆತ ಹೈಕೋರ್ಟಿಗೆ ಹೋಗಿದ್ದಾನೆ. ಆ ತೀರ್ಪು ಬಂದದ್ದು ಮನೆಗೆಲಸ ಮಾಡಿಕೊಂಡಿದ್ದ ಹೆಂಗಸೊಬ್ಬಳು ದೊಡ್ಡ ಮನೆತನವನ್ನು ಎದುರು ಹಾಕಿಕೊಂಡು ಕದಲದೆ ಸಾಕ್ಷಿ ಹೇಳಿದ್ದರಿಂದ. ಅವಳ ಗಟ್ಟಿತನಕ್ಕೆ ಕೈ ಮುಗಿಯುತ್ತೇನೆ. ಆದರೆ ಮುಖ ಬೀದಿಗೆ ಬಿದ್ದ ಮೇಲೆ ಇನ್ನೆಷ್ಟು ಮಂದಿ ಠಾಣೆಯ ಮೆಟ್ಟಿಲು ಹತ್ತಲಾರದೆ ಹೋದರು? ಅವರ ಬಾಯಿ ಮುಚ್ಚಿಸಿದ್ದರಲ್ಲಿ ಆ ಫಾರ್ವರ್ಡುಗಳ ಪಾಲೂ ಇದೆ.

ಕಾನೂನು ಏನು ಮಾಡುತ್ತಿತ್ತು? ಸಂತ್ರಸ್ತೆಯ ಗುರುತನ್ನು ಪ್ರಕಟಿಸುವುದು ಅಪರಾಧ ಎಂಬ 228ಎ ಕಲಂ ದಂಡ ಸಂಹಿತೆಗೆ ಸೇರಿದ್ದು 1983ರಲ್ಲಿ, ಪೊಲೀಸರನ್ನು ಖುಲಾಸೆ ಮಾಡಿದ ಮಥುರಾ ಅತ್ಯಾಚಾರ ಪ್ರಕರಣದ ತೀರ್ಪಿನ ವಿರುದ್ಧ ದೇಶದ ಹೆಂಗಸರು ಬೀದಿಗಿಳಿದ ಮೇಲೆ. ಆಗಿನ ಭಯ ಅಚ್ಚಿನ ಪತ್ರಿಕೆಗಳದ್ದು. ಹೆಚ್ಚೆಂದರೆ ಎರಡು ವರ್ಷ ಸಜೆ. 2023ರ ಡಿಸೆಂಬರಿನಲ್ಲಿ ಸಂಸತ್ತು ಇಡೀ ದಂಡ ಸಂಹಿತೆಯನ್ನೇ ತೆಗೆದು ಭಾರತೀಯ ನ್ಯಾಯ ಸಂಹಿತೆ ತಂದಿತು. ಜೇಬಿಗೊಂದು ಕ್ಯಾಮೆರಾ ಬಂದ ಈ ಕಾಲದಲ್ಲಿ ಆ ಕಲಂಗೆ ಸಿಕ್ಕಿದ್ದು 72 ಎಂಬ ಹೊಸ ಸಂಖ್ಯೆ ಮತ್ತು ಅದೇ ಎರಡು ವರ್ಷ! ಗಂಡ ಬಲಾತ್ಕಾರ ಮಾಡಿದರೆ ಅದು ಅತ್ಯಾಚಾರವಲ್ಲ ಎಂಬ ವಿನಾಯಿತಿಯನ್ನು ಕಿತ್ತುಹಾಕಿ ಎಂದು ಅತ್ಯಾಚಾರದ ಕಾನೂನು ತಿದ್ದಲು ನೇಮಿಸಿದ್ದ ನ್ಯಾಯಮೂರ್ತಿ ವರ್ಮಾ ಸಮಿತಿ 2013ರಲ್ಲೇ ಹೇಳಿತ್ತು. ಅದನ್ನೂ 63ನೇ ಕಲಂನಲ್ಲಿ ಉಳಿಸಿಕೊಂಡರು. ಖಾಸಗಿ ಚಿತ್ರ, ಲೈಂಗಿಕ ದೃಶ್ಯ ಹರಡುವವರನ್ನು ಶಿಕ್ಷಿಸಲು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ, 67ಎ ಕಲಂಗಳು ಇವೆಯಲ್ಲ ಎನ್ನಬಹುದು. ಸಾವಿರ ಫೋನುಗಳಿಗೆ ಹರಡಿದ ಮೇಲೆ ಅವನ್ನು ಯಾರ ಮೇಲೆ ಹಾಕುತ್ತೀರಿ?

ಇನ್ನು ಆಸರೆಯ ಮಾತು. ಮನೆಯೊಳಗೇ ಪೆಟ್ಟು ತಿನ್ನುವವಳಿಗೂ ಅದು ಸಿಗುತ್ತಿಲ್ಲ. ಕೌಟುಂಬಿಕ ದೌರ್ಜನ್ಯ ಕಾಯ್ದೆ ಬಂದದ್ದು 2005ರಲ್ಲಿ. ಅದರಡಿಯ ರಕ್ಷಣಾಧಿಕಾರಿಯ ಹೊಣೆಯನ್ನು ನಮ್ಮ ರಾಜ್ಯದಲ್ಲಿ ಹೊರಿಸಿರುವುದು ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಮೇಲೆ. ಅಂಗನವಾಡಿಗಳ ಕೆಲಸದಲ್ಲಿ ಮುಳುಗಿದ ಅಧಿಕಾರಿ ಪೆಟ್ಟು ತಿಂದು ಬಂದವಳ ಜತೆ ಕೋರ್ಟಿಗೆ ಎಷ್ಟು ದಿನ ಅಲೆದಾಳು? ಅರ್ಜಿಯನ್ನು ಅರವತ್ತು ದಿನದೊಳಗೆ ಮುಗಿಸಲು ಯತ್ನಿಸಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಕೌಟುಂಬಿಕ ದೌರ್ಜನ್ಯದ ಕೇಸು ನಡೆಸಿದ ಯಾವ ಹೆಂಗಸನ್ನಾದರೂ ಕೇಳಿ ನೋಡಿ.

ರಾಜಾಜಿನಗರ ಬೆಂಗಳೂರು ಕೇಂದ್ರ ಕ್ಷೇತ್ರಕ್ಕೆ, ವಿಜಯನಗರ ದಕ್ಷಿಣಕ್ಕೆ, ಕೆಂಗೇರಿ ಉತ್ತರಕ್ಕೆ ಸೇರಿವೆ. ಈ ಪಶ್ಚಿಮ ಬೆಂಗಳೂರು ಮೂವರು ಸಂಸದರನ್ನು ಕಳಿಸಿದೆ. ಹಾಸನ ಮತ ಹಾಕಿದ ಏಪ್ರಿಲ್ 26ರಂದೇ ನಾವೂ ಮತ ಹಾಕಿದ್ದೇವೆ. ಆ ಮೂವರೂ ಸದನದಲ್ಲಿ ಎದ್ದು ನಿಂತು ಕೇಳಲಿ: ಊರು ಬಿಡಬೇಕಾದ ಹೆಂಗಸಿಗೆ ಬಾಡಿಗೆ ಮನೆ, ಮಕ್ಕಳಿಗೆ ಶಾಲೆ, ದುಡಿಮೆ ಯಾರ ಹೊಣೆ? ಹರಡಿದ ಚಿತ್ರಗಳನ್ನು ಹುಡುಕಿ ತೆಗೆಸುವ ಕೆಲಸವನ್ನು ಅವಳ ತಲೆಗೆ ಕಟ್ಟದೆ ಸರ್ಕಾರವೇ ಯಾವಾಗ ಹೊರುತ್ತದೆ? ಪೂರ್ಣಾವಧಿ ರಕ್ಷಣಾಧಿಕಾರಿಗಳಿಗೆ ಹಣ ಎಲ್ಲಿ? ಮಸೂದೆಯ ಕರಡು ಬರೆದುಕೊಡಬಲ್ಲ ವಕೀಲರು, ಮಹಿಳಾ ಸಂಘಟನೆಗಳು ಈ ಊರಿನಲ್ಲೇ ಇವೆ. ಮುಂದಿನ ಅಧಿವೇಶನಕ್ಕೆ ಮೊದಲು ಕರೆದು ಕೂರಿಸಿಕೊಳ್ಳಿ.