ಮಕ್ಕಳ ಹೆಸರಲ್ಲಿ ಆಳಿದವರು

1799ರ ಮಾರ್ಚ್ 6ರಂದು ಪಿರಿಯಾಪಟ್ಟಣದ ಬಳಿ, ಕೊಡಗಿನ ಗಡಿಯ ಸಿದ್ದೇಶ್ವರದಲ್ಲಿ ಟಿಪ್ಪುವಿನ ಸೈನ್ಯಕ್ಕೂ ಇಂಗ್ಲಿಷರ ಬೊಂಬಾಯಿ ಸೈನ್ಯಕ್ಕೂ ಕಾಳಗ ನಡೆಯಿತು. ಟಿಪ್ಪು ಹಿಂದೆ ಸರಿದ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಆ ದಿನಕ್ಕಾಗಿ ಒಬ್ಬ ವಿಧವೆ ರಾಣಿ ಮೂವತ್ತಮೂರು ವರ್ಷ ಕಾದಿದ್ದರು. ಅದನ್ನು ನಮ್ಮ ಕಡೆಯ ಚರಿತ್ರೆಯ ಮಾತುಗಳಲ್ಲಿ ಯಾರೂ ಒತ್ತಿ ಹೇಳುವುದಿಲ್ಲ.

ಲಕ್ಷ್ಮಮ್ಮಣ್ಣಿಯವರು ಇಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ. 1766ರಲ್ಲಿ ಗಂಡ ತೀರಿಕೊಂಡಾಗ ಅವರಿಗೆ ಇಪ್ಪತ್ತನಾಲ್ಕು. ಹೈದರ್ ಕೂರಿಸಿದ ಅರಸರು ಒಬ್ಬರಾದ ಮೇಲೊಬ್ಬರು ಕಣ್ಮರೆಯಾದರು. 1796ರ ನಂತರ ಟಿಪ್ಪು ಯಾರನ್ನೂ ಕೂರಿಸಲಿಲ್ಲ. ಅಷ್ಟೂ ವರ್ಷ ರಾಣಿಗೆ ಸೈನ್ಯವಿಲ್ಲ, ಬೊಕ್ಕಸವಿಲ್ಲ, ಸುತ್ತ ಕಾವಲು. ಅಂಥ ಸ್ಥಿತಿಯಲ್ಲೂ ಪ್ರಧಾನ ತಿರುಮಲರಾಯರ ಮೂಲಕ 1782ರಲ್ಲಿ ತಂಜಾವೂರಿನಲ್ಲಿ ಇಂಗ್ಲಿಷರೊಂದಿಗೆ ಒಪ್ಪಂದ ಮಾಡಿಸಿದರು. ಅದು ಫಲಿಸಲು ಇನ್ನೂ ಹದಿನೇಳು ವರ್ಷ ಬೇಕಾಯಿತು. 1799ರ ಜೂನ್ 30ರಂದು ಐದು ತುಂಬದ ಮುಮ್ಮಡಿ ಕೃಷ್ಣರಾಜರು ಪಟ್ಟಕ್ಕೆ ಬಂದರು. ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ: ವರ್ಷಕ್ಕೆ ಏಳು ಲಕ್ಷ ವರಹ ಕಂಪನಿಗೆ, ಆಡಳಿತ ಪೂರ್ಣಯ್ಯನವರ ಕೈಗೆ. ಟಿಪ್ಪುವನ್ನು ಮೆಚ್ಚುವವರು ಲಕ್ಷ್ಮಮ್ಮಣ್ಣಿಯವರನ್ನು ಕ್ಷಮಿಸುವುದಿಲ್ಲ. ಆ ಕೋಪ ನನಗೆ ಅರ್ಥವಾಗುತ್ತದೆ. ಆದರೂ ಹಿಡಿದ ಕೆಲಸವನ್ನು ಬರಿಗೈಯಲ್ಲಿ ಮುಗಿಸಿದ ಆ ಹಟವನ್ನು ನಾನು ರಾಜಕಾರಣವೆಂದೇ ಕರೆಯುತ್ತೇನೆ.

ಹೆಣ್ಣಿನ ರಾಜಕಾರಣದ ಮಾತು ಬಂದರೆ, ಯುರೋಪಿನ ರಾಣಿಯರು ಸಮರ್ಥರೇ ಅಲ್ಲವೇ ಎಂಬ ಚರ್ಚೆ ಹಳೆಯದು. 1480ರಿಂದ 1913ರವರೆಗಿನ ಆಳ್ವಿಕೆಗಳನ್ನು ಲೆಕ್ಕ ಹಾಕಿದ ಅರ್ಥಶಾಸ್ತ್ರಜ್ಞರು, ರಾಣಿಯರ ಕಾಲದಲ್ಲೇ ಯುದ್ಧ ಹೆಚ್ಚೆಂದು ಕಂಡುಕೊಂಡರು. ಮದುವೆಯಾಗದ ರಾಣಿಯರ ಮೇಲೆ ನೆರೆಯವರೇ ಹೆಚ್ಚು ಏರಿಬರುತ್ತಿದ್ದರಂತೆ. ಗಂಡನಿದ್ದರೂ ಕೆಲವರಿಗೆ ಇದು ತಪ್ಪಲಿಲ್ಲ. 1740ರಲ್ಲಿ ಮರಿಯಾ ಥೆರೇಸಾ ಪಟ್ಟಕ್ಕೆ ಬಂದ ಎರಡೇ ತಿಂಗಳಲ್ಲಿ ಪ್ರಷ್ಯದ ಫ್ರೆಡರಿಕ್ ಅವಳ ಸಿಲೇಷಿಯಾಕ್ಕೆ ನುಗ್ಗಿದ. ನಮ್ಮ ಕೆಳದಿಯಲ್ಲೂ ಸೋಮಶೇಖರ ನಾಯಕ ಸತ್ತೊಡನೆ ಬಿಜಾಪುರದ ಸೇನೆ ಬಂತು. ಅವನ ರಾಣಿ ಚೆನ್ನಮ್ಮ ಅದನ್ನು ತಡೆದು 1672ರಿಂದ 1697ರವರೆಗೆ ಆಳಿದಳು, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಪಡೆಯನ್ನು ಎದುರಿಸಿದಳು.

ಮೈಸೂರು ಕೆಳದಿಯಲ್ಲ. ಇಲ್ಲಿ ಹೆಣ್ಣಿಗೆ ಸಿಂಹಾಸನವಿರಲಿಲ್ಲ. ಆ ವಿಷಯದಲ್ಲಿ ಮೈಸೂರು ಫ್ರಾನ್ಸಿನಂತೆ. ಅಲ್ಲೂ ಹೆಣ್ಣು ಪಟ್ಟವೇರುವಂತಿರಲಿಲ್ಲ, ಮಗ ಚಿಕ್ಕವನಿದ್ದಾಗ ತಾಯಿ ಆಳುತ್ತಿದ್ದಳು. ನಮ್ಮವರನ್ನು ಇಂಗ್ಲೆಂಡಿನ ರಾಣಿ ಎಲಿಜಬೆತ್ತಳ ಪಕ್ಕದಲ್ಲಲ್ಲ, ಫ್ರಾನ್ಸಿನಲ್ಲಿ ಮಗನ ಹೆಸರಲ್ಲಿ ಆಳಿದ ಕ್ಯಾಥರಿನ್ ದೆ ಮೆದಿಚಿಯ ಪಕ್ಕದಲ್ಲಿಟ್ಟು ತೂಗಬೇಕು.

1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡಾಗ ಮಗನಿಗೆ ಹತ್ತು ವರ್ಷ, ಪತ್ನಿ ಕೆಂಪನಂಜಮ್ಮಣ್ಣಿಯವರಿಗೆ ಇಪ್ಪತ್ತೆಂಟು. 1902ರ ಆಗಸ್ಟ್ 8ರವರೆಗೆ ಅವರು ಮಗನ ಪರವಾಗಿ ಆಳಿದ ರೀಜೆಂಟರು. ಆ ಅವಧಿಯಲ್ಲಿ ಪ್ಲೇಗು ಬಂತು. ಮಾರಿಕಣಿವೆಯಲ್ಲಿ ಕಟ್ಟೆ ಏಳತೊಡಗಿತು. ಅವರ ಬಿರುದೇ ಅದರ ಹೆಸರಾಗಿ ವಾಣಿವಿಲಾಸ ಸಾಗರವಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ಇದೆಲ್ಲ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕೆಲಸ ಎನ್ನುವವರಿದ್ದಾರೆ. ಎಲಿಜಬೆತ್ತಳಿಗೂ ವಿಲಿಯಂ ಸೆಸಿಲ್ ಇದ್ದ. ಸಮರ್ಥ ಮಂತ್ರಿಯ ಬೆನ್ನಿಗೆ ನಿಲ್ಲುವುದೂ ಆಳುವುದೇ, ಗಂಡಸು ಮಾಡಿದಾಗ ನಾವು ಅದನ್ನು ಹಾಗೆಯೇ ಕರೆಯುತ್ತೇವೆ.

ಕೆಂಪನಂಜಮ್ಮಣ್ಣಿಯವರು ಮಗನಿಗೆ ಒಪ್ಪಿಸಿದ ರಾಜ್ಯ ಗಟ್ಟಿಯಾಗಿತ್ತು. ಆ ಮಗ ಕೃಷ್ಣರಾಜರ ಹೆಸರನ್ನೇ ಹಳೆಯ ಎಡತೊರೆ ಸೀಮೆ ಇಂದು ಕೃಷ್ಣರಾಜನಗರವೆಂದು ಹೊತ್ತಿದೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲಿ, ಹಳೆಯ ಪೆಟ್ಟಿಗೆಯಲ್ಲಿ 1895ರಿಂದ 1902ರ ನಡುವಿನ ಸನ್ನದು, ನಿರೂಪ, ಕಂದಾಯದ ಕಾಗದ, ಪ್ಲೇಗಿನ ಕಾಲದ ಓಲೆ ಏನಿದ್ದರೂ ರದ್ದಿಗೆ ಹಾಕಬೇಡಿ. ಪ್ರತಿ ಮಾಡಿಸಿ ನಮಗೆ ಕಳಿಸಿಕೊಡಿ.